ಜಾರಿದ ಕರುಳು ಒಳಗೆ ಹೋಗದಿದ್ದರೆ ಬೆಳಗಾಗುವ ತನಕ ಕಾಯಬೇಡಿ



ಕೆಲವು ವರ್ಷಗಳ ಹಿಂದಿನ ಮಾತು. ಗುಡೇಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಸಂಘದ ವಾರದ ಸಭೆ ನಡೆದಿತ್ತು. ಉಳಿತಾಯ ಕಟ್ಟಿ, ಪುಸ್ತಕ ಬರೆದು, ಎಲ್ಲರೂ ಏಳುವ ಹೊತ್ತಿಗೆ ಒಬ್ಬ ಸದಸ್ಯೆ ನಮ್ಮನ್ನು ಬಾಗಿಲ ಮರೆಗೆ ಕರೆದರು. "ಸಿಸ್ಟರ್, ನಮ್ಮತ್ತೆಗೆ ಏನೋ ಕೆಳಗೆ ಬಂದೈತೆ. ನಿನ್ನೆ ಸಂಜೆಯಿಂದ ಒಳಗೆ ಹೋಗ್ತಾನೇ ಇಲ್ಲ. ಯಾರಿಗೂ ಹೇಳಬ್ಯಾಡ ಅಂತಾರೆ" ಎಂದರು.

ಮನೆಗೆ ಹೋಗಿ ನೋಡಿದೆವು. ಅರವತ್ತು ದಾಟಿದ ಆ ತಾಯಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದರು. ಮಲದ್ವಾರದಿಂದ ಮುಷ್ಟಿ ಗಾತ್ರದ ಗಡ್ಡೆ ಹೊರಗೆ ಬಂದು ಬಿಗಿದುಕೊಂಡಿತ್ತು. ಅದರ ಮೇಲೆ ಯಾರೋ ಅರಿಶಿನ, ಸುಣ್ಣ ಹಚ್ಚಿದ್ದರು. ಅದನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಒಂದು ಕಡೆ ಕೆಂಪಗಿತ್ತು, ಇನ್ನೊಂದು ಕಡೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕೇಳಿದರೆ, ನಾಲ್ಕು ವರ್ಷದಿಂದ ಹೊರಕಡೆಗೆ ಹೋದಾಗಲೆಲ್ಲಾ ಅದು ಹೊರಗೆ ಬರುತ್ತಿತ್ತಂತೆ. ಅವರೇ ಬಟ್ಟೆಯಿಂದ ಒಳಗೆ ಒತ್ತಿಕೊಂಡು, ಎದ್ದು ಶೇಂಗಾ ಕಳೆ ತೆಗೆಯಲು ಹೋಗುತ್ತಿದ್ದರಂತೆ. "ಮೂಲವ್ಯಾಧಿ ಅಂದ್ಕೊಂಡಿದ್ದೆ ನಮ್ಮವ್ವಾ. ಇದನ್ನ ಯಾರ ಮುಂದೆ ಹೇಳ್ಲಿ?" ಎಂದು ಮುಖ ಆಚೆ ತಿರುಗಿಸಿದರು.

108ಕ್ಕೆ ಫೋನ್ ಮಾಡಿದೆವು. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ದೊಡ್ಡಾಸ್ಪತ್ರೆ. ಅದೇ ರಾತ್ರಿ ಆಪರೇಷನ್ ಆಯಿತು. ಹೊರಗೆ ಬಂದಿದ್ದ ಕರುಳಿನಲ್ಲಿ ಗೇಣುದ್ದದಷ್ಟು ಕಪ್ಪಾಗಿ ಸತ್ತುಹೋಗಿತ್ತು, ಅದನ್ನು ಕತ್ತರಿಸಿ ತೆಗೆದರು. ಜೀವ ಉಳಿಯಿತು. ಆ ಒಂದು ರಾತ್ರಿಯ ಓಡಾಟದಲ್ಲಿ ನಾವು ಕಲಿತದ್ದನ್ನು, ಆಮೇಲೆ ಡಾಕ್ಟರುಗಳನ್ನು ಕೇಳಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಸಭೆಯಲ್ಲಿ ಇಂಥ ಮಾತು ಬೇಡ ಎಂದು ಕೆಲವರಿಗೆ ಅನ್ನಿಸಬಹುದು. ನಮಗೂ ಮೊದಲು ಹಾಗೇ ಅನ್ನಿಸಿತ್ತು.

ಇದು ಏನು, ಯಾಕೆ ಬರುತ್ತದೆ

ನಮ್ಮ ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ಗುದನಾಳ ಎನ್ನುತ್ತಾರೆ. ಮಲ ಬಂದು ನಿಲ್ಲುವ ಜಾಗ ಅದು. ಅದನ್ನು ಹಿಂದೆ ಬೆನ್ನೆಲುಬಿನ ತುದಿಗೆ ಹಿಡಿದಿಟ್ಟಿರುವ ಎಳೆಗಳು, ಕೆಳಗಿನಿಂದ ತೊಟ್ಟಿಲಿನ ಹಾಗೆ ಹೊತ್ತಿರುವ ಮಾಂಸಖಂಡಗಳು ಸಡಿಲವಾದಾಗ ಗುದನಾಳ ತನ್ನೊಳಗೇ ಮಡಚಿಕೊಂಡು ಕೆಳಗೆ ಜಾರುತ್ತದೆ. ಕುಪ್ಪಸದ ತೋಳನ್ನು ಒಳಗಿನಿಂದ ಹಿಡಿದು ಎಳೆದರೆ ಒಳಮೈ ಹೊರಗೆ ಬರುತ್ತದಲ್ಲ, ಥೇಟ್ ಹಾಗೆ. ವೈದ್ಯರು ಇದಕ್ಕೆ ರೆಕ್ಟಲ್ ಪ್ರೊಲ್ಯಾಪ್ಸ್ ಎನ್ನುತ್ತಾರೆ. ಆಯುರ್ವೇದದಲ್ಲಿ ಗುದಭ್ರಂಶ ಎಂಬ ಹೆಸರಿದೆ. ಸುಶ್ರುತ ಸಂಹಿತೆಯಲ್ಲಿಯೇ ಇದರ ಮಾತು ಬರುತ್ತದೆ. ಎಣ್ಣೆ ಹಚ್ಚಿ, ಬಿಸಿ ಶಾಖ ಕೊಟ್ಟು, ಒಳಗೆ ಸೇರಿಸಿ, ನಡುವೆ ತೂತು ಇರುವ ಚರ್ಮದ ಪಟ್ಟಿಯನ್ನು ಕಟ್ಟಬೇಕು ಎಂದು ಅದರಲ್ಲಿ ಹೇಳಿದೆ. ಅಂದರೆ ಇದು ಇಂದಿನ ಕಾಯಿಲೆ ಅಲ್ಲ, ಯಾರೋ ಒಬ್ಬರಿಗೆ ಮಾತ್ರ ಬಂದ ಶಾಪವೂ ಅಲ್ಲ.

ದೊಡ್ಡವರಲ್ಲಿ ಇದು ಗಂಡಸರಿಗಿಂತ ಹೆಂಗಸರಿಗೆ ಬಹಳ ಹೆಚ್ಚು, ಅದರಲ್ಲೂ ಐವತ್ತು ದಾಟಿದವರಿಗೆ. ಹೆರಿಗೆ ಜಾಸ್ತಿ ಆದದ್ದಕ್ಕೇ ಹೀಗಾಯಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮಕ್ಕಳೇ ಆಗದ ಹೆಂಗಸರಲ್ಲೂ ಇದು ಕಾಣಿಸುತ್ತದೆ. ವರ್ಷಗಟ್ಟಲೆ ಮಲಬದ್ಧತೆ, ತಿಣುಕಿ ತಿಣುಕಿ ಕೂರುವುದು ಇದಕ್ಕೆ ದೊಡ್ಡ ಕಾರಣ. ನಿಲ್ಲದ ಕೆಮ್ಮೂ ಒಂದು ಕಾರಣ. ಒಲೆಯ ಹೊಗೆಯಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವರ ಕೆಮ್ಮು ನಿಮಗೇ ಗೊತ್ತು. ಪ್ರತಿ ಕೆಮ್ಮಿಗೂ ಹೊಟ್ಟೆಯ ಒತ್ತಡ ಕೆಳಗೆ ಬೀಳುತ್ತದೆ.

ಇನ್ನೊಂದು ಕಾರಣವನ್ನು ನಾವು ಬಿಚ್ಚಿ ಹೇಳಬೇಕು. ಮನೆಯಲ್ಲಿ ಕಕ್ಕಸು ಇಲ್ಲದೆ, ಅಥವಾ ಇದ್ದರೂ ನೀರಿಲ್ಲದೆ, ಕತ್ತಲಾಗುವ ತನಕ ತಡೆದುಕೊಳ್ಳುವ ಅಭ್ಯಾಸ ನಮ್ಮ ಕಡೆ ಹೆಂಗಸರಿಗೆ ಚಿಕ್ಕಂದಿನಿಂದಲೇ ಬಂದಿದೆ. ಬಯಲಿಗೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಗುಡೇಕೋಟೆ ಸುತ್ತ ಬಂಡೆಗುಡ್ಡ, ಕರಡಿ ಭಯ ಬೇರೆ, ಕತ್ತಲಲ್ಲಿ ದೂರ ಹೋಗುವ ಹಾಗೂ ಇಲ್ಲ. ಹೀಗೆ ತಡೆದ ಮಲ ಒಣಗಿ ಕಲ್ಲಾಗುತ್ತದೆ, ಆಮೇಲೆ ಅದನ್ನು ಹೊರಹಾಕಲು ತಿಣುಕಬೇಕು. ಕಕ್ಕಸು ಕಟ್ಟಿಸಲು ಸಂಘದಲ್ಲಿ ಸಾಲ ಕೇಳಿದಾಗ "ಅದಕ್ಕೇನು ಅವಸರ, ಮೊದಲು ಎಮ್ಮೆಗೆ ಕೊಡೋಣ" ಎಂದು ನಕ್ಕವರಿಗೆ ಈ ಮಾತು.

ಚಿಕ್ಕ ಮಕ್ಕಳಲ್ಲಿಯೂ ಇದು ಬರುತ್ತದೆ, ಆದರೆ ಅದರ ಕಥೆ ಬೇರೆ. ಭೇದಿ, ಜಂತುಹುಳು, ಪೌಷ್ಟಿಕ ಆಹಾರದ ಕೊರತೆ ಇರುವ ಮೂರು ನಾಲ್ಕು ವರ್ಷದೊಳಗಿನ ಮಗುವಿಗೆ ಕುಳಿತಾಗ ಸ್ವಲ್ಪ ಹೊರಗೆ ಬಂದು ಹೋಗಬಹುದು. ಮೂಲ ಕಾರಣಕ್ಕೆ ಔಷಧಿ ಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ಆಪರೇಷನ್ ಇಲ್ಲದೆ ತಾನಾಗಿ ನಿಲ್ಲುತ್ತದೆ. ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತುಹುಳು ಮಾತ್ರೆಯನ್ನು ತಪ್ಪಿಸಬೇಡಿ. ಆದರೆ ಮಗು ಬಿಟ್ಟು ಬಿಟ್ಟು ಕಾಲು ಮಡಚಿಕೊಂಡು ಕಿರುಚಿ ಅತ್ತು, ವಾಂತಿ ಮಾಡಿ, ರಕ್ತ ಬೆರೆತ ಲೋಳೆ ಹೋಗುತ್ತಿದ್ದರೆ ಅದು ಕರುಳಿನೊಳಗೆ ಕರುಳು ಸಿಕ್ಕಿಕೊಂಡ ಬೇರೆ ಅಪಾಯ. ಆಗ ಒಂದು ಗಂಟೆಯೂ ಕಾಯಬಾರದು.

ಮೂಲವ್ಯಾಧಿಯೋ, ಗರ್ಭಕೋಶವೋ, ಕರುಳೋ?

"ಕೆಳಗೆ ಬಂದೈತೆ" ಎಂಬ ಒಂದೇ ಮಾತಿನಲ್ಲಿ ನಾವು ಮೂರು ಕಾಯಿಲೆ ಹೇಳುತ್ತೇವೆ. ಗರ್ಭಕೋಶ ಜಾರಿದರೆ ಅದು ಮುಂದಿನ ದಾರಿಯಿಂದ, ಮಗು ಬರುವ ದಾರಿಯಿಂದ ಬರುತ್ತದೆ. ಮೂಲವ್ಯಾಧಿ ಮತ್ತು ಜಾರಿದ ಕರುಳು ಎರಡೂ ಮಲದ್ವಾರದಿಂದ ಬರುತ್ತವೆ. ಮೂಲವ್ಯಾಧಿಯಾದರೆ ಬೆಳ್ಳುಳ್ಳಿ ಗಡ್ಡೆಯ ಎಸಳಿನ ಹಾಗೆ ಬೇರೆ ಬೇರೆ ಉಬ್ಬು, ನಡುವೆ ಗೀರು. ಕರುಳು ಪೂರ್ತಿ ಜಾರಿದ್ದರೆ ಕೈಯಲ್ಲಿ ಬಳೆ ಜೋಡಿಸಿದ ಹಾಗೆ ಸುತ್ತಲೂ ಉಂಗುರ ಉಂಗುರವಾಗಿ ಮಡಿಕೆ ಇರುತ್ತದೆ, ನಡುವೆ ಒಂದು ತೂತು ಇರುತ್ತದೆ. ಕೆಲವು ಹೆಂಗಸರಲ್ಲಿ ಗರ್ಭಕೋಶ, ಕರುಳು ಎರಡೂ ಜಾರಿರುವುದು ಉಂಟು. ಕೊನೆಯ ತೀರ್ಮಾನ ಡಾಕ್ಟರದ್ದೇ, ಆದರೆ ಇಷ್ಟು ಗೊತ್ತಿದ್ದರೆ ಅವರ ಮುಂದೆ ಸರಿಯಾಗಿ ಹೇಳಲು ಬರುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಬಸ್ ಸ್ಟ್ಯಾಂಡ್ ಪಕ್ಕದ ಬೋರ್ಡುಗಳು. ಓದದೆಯೇ ಪೈಲ್ಸ್ ಡಾಕ್ಟರ್ ಆದವರು ಎಲ್ಲ ಊರಲ್ಲೂ ಇದ್ದಾರೆ. ಹೊರಗೆ ಬಂದದ್ದೆಲ್ಲಾ ಮೂಲವ್ಯಾಧಿ ಎಂದು ಸುಡುವ ಔಷಧಿ ಹಚ್ಚುವುದು, ದಾರ ಕಟ್ಟುವುದು, ಇಂಜೆಕ್ಷನ್ ಚುಚ್ಚುವುದು ಮಾಡುತ್ತಾರೆ. ಅವರು ಚುಚ್ಚುವುದು ಜೀವಂತ ಕರುಳಿಗೆ. ಅಲ್ಲಿ ತೂತು ಬಿದ್ದರೆ ನಂಜು ಹೊಟ್ಟೆಗೆ ಏರುತ್ತದೆ. ಇದನ್ನು ನೆನೆದರೆ ನಮಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಯಾವಾಗ ತುರ್ತು?

ಹೊರಗೆ ಬಂದು, ಮಲಗಿದಾಗ ಅಥವಾ ಮೆಲ್ಲಗೆ ಒತ್ತಿದಾಗ ಒಳಗೆ ಹೋಗುವ ತನಕ ಅದು ಕಾಯಿಲೆ. ಒಳಗೆ ಹೋಗಲೊಲ್ಲದು ಎಂದಾದ ಮೇಲೆ ಅದು ತುರ್ತು.

ಬಳೆಗಾರ್ತಿ ಬಿಗಿ ಬಳೆ ತೊಡಿಸಿದ ಮೇಲೆ ಕೈ ಊದಿಕೊಂಡರೆ ಏನಾಗುತ್ತದೆ ಎಂದು ಯೋಚಿಸಿ. ಬಳೆ ತೆಗೆಯಲು ಬರುವುದಿಲ್ಲ, ತೆಗೆಯದಿದ್ದರೆ ಇನ್ನೂ ಊದುತ್ತದೆ. ಮಲದ್ವಾರದ ಸುತ್ತ ಇರುವ ಬಿಗಿ ಸ್ನಾಯು ಇಲ್ಲಿ ಆ ಬಳೆ. ಹೊರಗೆ ಬಂದ ಕರುಳಿನಿಂದ ರಕ್ತ ವಾಪಸ್ ಹೋಗುವ ನಾಳಗಳು ತೆಳು, ಅವು ಮೊದಲು ಮುಚ್ಚಿಕೊಳ್ಳುತ್ತವೆ. ಆದರೆ ರಕ್ತ ಒಳಗೆ ತರುವ ನಾಳಗಳು ಇನ್ನೂ ತರುತ್ತಲೇ ಇರುತ್ತವೆ. ಬರುವುದು ಇದೆ, ಹೋಗುವುದು ಇಲ್ಲ, ಹಾಗಾಗಿ ಊತ ಏರುತ್ತದೆ. ಊತ ಏರಿದಷ್ಟೂ ಬಿಗಿ ಹೆಚ್ಚಿ ಕೊನೆಗೆ ಬರುವ ರಕ್ತವೂ ನಿಲ್ಲುತ್ತದೆ. ಆಮೇಲೆ ಕರುಳು ಸಾಯಲು ಶುರುವಾಗುತ್ತದೆ.

ಇದನ್ನು ಬಣ್ಣವೇ ಹೇಳುತ್ತದೆ. ಗುಲಾಬಿ, ಕೆಂಪು ಬಣ್ಣ ಇದ್ದರೆ ಜೀವ ಇದೆ. ಕಡುಗೆಂಪು, ನೇರಳೆ ಬಣ್ಣಕ್ಕೆ ತಿರುಗಿದರೆ ರಕ್ತ ನಿಲ್ಲುತ್ತಿದೆ. ಬೂದು, ಕಪ್ಪು ಆಗಿ ಕೆಟ್ಟ ವಾಸನೆ ಬಂದರೆ ಸತ್ತಿದೆ. ಇದರಲ್ಲಿ ಒಂದು ಮೋಸವೂ ಇದೆ. ಮೊದಲು ತಡೆಯಲಾರದ ನೋವು ಇದ್ದು, ಆಮೇಲೆ ನೋವು ತಾನಾಗಿ ಕಡಿಮೆ ಆದರೆ "ಈಗ ವಾಸಿ" ಎಂದು ಮನೆಯವರು ಸುಮ್ಮನಾಗುತ್ತಾರೆ. ಸತ್ತ ಭಾಗಕ್ಕೆ ನೋವೂ ಇರುವುದಿಲ್ಲ. ಜ್ವರ, ನಡುಕ, ಹೊಟ್ಟೆ ಗಟ್ಟಿಯಾಗುವುದು, ತಲೆ ಸುತ್ತುವುದು, ಹೆಚ್ಚು ರಕ್ತ ಹೋಗುವುದು ಕಂಡರೆ ನಂಜು ಮೈಗೆ ಏರುತ್ತಿದೆ ಎಂದೇ ತಿಳಿಯಬೇಕು. ಬಹಳ ಅಪರೂಪಕ್ಕೆ ಜಾರಿದ ಕರುಳು ಹರಿದು ಒಳಗಿನ ಸಣ್ಣ ಕರುಳು ಹೊರಗೆ ಬರುವುದೂ ಇದೆ.

ಗಾಡಿ ಬರುವ ತನಕ

ಅವರನ್ನು ಮಗ್ಗುಲಾಗಿ, ಮೊಣಕಾಲು ಎದೆಯ ಕಡೆ ಮಡಚಿ ಮಲಗಿಸಿ. ಕೂರಿಸಬೇಡಿ, ನಡೆಸಬೇಡಿ, ತಿಣುಕಬೇಡಿ ಎಂದು ಹೇಳಿ. ಹೊರಗೆ ಬಂದದ್ದು ಒಣಗಬಾರದು, ಅದಕ್ಕೆ ಕಾಸಿ ಆರಿಸಿದ ನೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಒಣಗಿದಂತೆ ಮತ್ತೆ ಒದ್ದೆ ಮಾಡಿ. ಮೆತ್ತಗೆ ಗುಲಾಬಿ ಬಣ್ಣದಲ್ಲಿದ್ದು, ದಿನಾ ಒಳಗೆ ಹೋಗುವಂಥದ್ದಾದರೆ ಶುದ್ಧ ಕೈಯಿಂದ ಒಮ್ಮೆ ಮೆಲ್ಲಗೆ ಒತ್ತಿ ನೋಡಬಹುದು. ಗಟ್ಟಿಯಾಗಿದ್ದರೆ, ನೋವಿದ್ದರೆ, ಬಣ್ಣ ಬದಲಾಗಿದ್ದರೆ ಒತ್ತಲೇಬಾರದು. ಸತ್ತ ಕರುಳನ್ನು ಒಳಗೆ ದೂಡಿದರೆ ನಂಜನ್ನು ಒಳಗೆ ಕಳಿಸಿದ ಹಾಗೆ. ಸುಣ್ಣ, ಬೂದಿ, ಅರಿಶಿನ, ಸೊಪ್ಪಿನ ರಸ ಯಾವುದೂ ಬೇಡ. ಆಪರೇಷನ್ ಆಗಬಹುದು, ಆದ್ದರಿಂದ ಊಟ, ಚಹಾ ಕೊಡಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಆಪರೇಷನ್ ಎಂದ ಕೂಡಲೇ ಹೆದರಿ ವಾಪಸ್ ಬರುವವರೇ ಹೆಚ್ಚು. ಹಾಗಾಗಿ ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕರುಳು ಇನ್ನೂ ಜೀವಂತ ಇದ್ದರೆ ಮೊದಲು ಕತ್ತರಿ ಹಿಡಿಯುವುದಿಲ್ಲ. ನೋವು ಇಳಿಸಿ, ಸ್ನಾಯು ಸಡಿಲವಾಗಲು ಇಂಜೆಕ್ಷನ್ ಕೊಟ್ಟು, ತಲೆಯ ಕಡೆ ತಗ್ಗಿಸಿ ಮಲಗಿಸಿ ಒಳಗೆ ಸೇರಿಸಲು ನೋಡುತ್ತಾರೆ. ಊತ ಹೆಚ್ಚಿದ್ದರೆ ಡಾಕ್ಟರುಗಳು ಬಳಸುವ ಒಂದು ಉಪಾಯ ಕೇಳಿದರೆ ನಿಮಗೆ ನಗು ಬರಬಹುದು. ಅದು ನಮ್ಮ ಅಡುಗೆಮನೆಯ ಸಕ್ಕರೆ! ಉಪ್ಪಿನಕಾಯಿಗೆ ಮಾವಿನ ಹೋಳಿಗೆ ಉಪ್ಪು ಹಾಕಿ ಇಟ್ಟರೆ ನೀರು ಬಿಡುತ್ತದಲ್ಲ, ಹಾಗೆಯೇ ಊದಿದ ಕರುಳಿನ ಮೇಲೆ ಸಕ್ಕರೆ ಉದುರಿಸಿದರೆ ಒಳಗಿನ ನೀರು ಹೊರಗೆ ಬಂದು ಊತ ಇಳಿಯುತ್ತದೆ. ಆಮೇಲೆ ಒಳಗೆ ಸೇರಿಸುವುದು ಸುಲಭ. ಇದನ್ನು ಓದಿ ಮನೆಯಲ್ಲೇ ಸಕ್ಕರೆ ಹಾಕಿಕೊಂಡು ಕಾಯುತ್ತಾ ಕೂರಬೇಡಿ. ಕರುಳು ಜೀವಂತ ಇದೆಯೋ ಇಲ್ಲವೋ ಎಂದು ತಿಳಿದವರು ನೋಡಿದ ಮೇಲಿನ ಮಾತು ಅದು. ಉಪ್ಪನ್ನಂತೂ ಹಾಕಲೇಬಾರದು.

ಒಳಗೆ ಸೇರಿದರೆ ಒಂದೆರಡು ದಿನ ನೋಡಿಕೊಂಡು, ಆಮೇಲೆ ದಿನ ಗೊತ್ತುಮಾಡಿ ಆಪರೇಷನ್ ಮಾಡುತ್ತಾರೆ. ಸೇರದಿದ್ದರೆ, ಅಥವಾ ಕಪ್ಪಾಗಿದ್ದರೆ, ಆ ಹೊತ್ತಿಗೇ ಆಪರೇಷನ್. ಇಂಥ ಹೊತ್ತಿನಲ್ಲಿ ಹೆಚ್ಚಾಗಿ ಮಾಡುವುದಕ್ಕೆ ಆಲ್ಟಮಯರ್ ಆಪರೇಷನ್ ಎಂಬ ಹೆಸರಿದೆ. ಆಲ್ಟಮಯರ್ ಅಮೆರಿಕದ ಡಾಕ್ಟರು, ಈ ಪದ್ಧತಿಯನ್ನು ಬಳಕೆಗೆ ತಂದವರು. ಅವರಿಗಿಂತ ಬಹಳ ಮೊದಲು, 1889ರಲ್ಲಿಯೇ, ಮಿಕುಲಿಚ್ ಎಂಬ ಯುರೋಪಿನ ಡಾಕ್ಟರು ಇಂಥದ್ದನ್ನು ಬರೆದಿದ್ದರು. ಇದರಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಿನ ಭಾಗ ಮಾತ್ರ ಜೋಮು ಹಿಡಿಸಿಯೂ ಮಾಡಬಹುದು, ಹಾಗಾಗಿ ವಯಸ್ಸಾದವರು, ಹೃದಯ, ಶ್ವಾಸಕೋಶ ಸೊರಗಿದವರು ಕೂಡಾ ತಡೆದುಕೊಳ್ಳುತ್ತಾರೆ. ಜಾರಿ ಬಂದ ಕರುಳನ್ನು ಮಲದ್ವಾರದ ಹತ್ತಿರ ಸುತ್ತಲೂ ಬಿಡಿಸಿ, ಅದಕ್ಕೆ ಬರುವ ರಕ್ತನಾಳಗಳನ್ನು ಕಟ್ಟಿ, ಸತ್ತ ಭಾಗವನ್ನು ಪೂರ್ತಿ ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಕೆಳಗಿನ ಅಂಚಿಗೆ ಹೊಲಿಗೆ ಹಾಕಿ ಸೇರಿಸುತ್ತಾರೆ. ಹರಿದ ಸೀರೆಯ ಕೆಟ್ಟ ಭಾಗ ಕತ್ತರಿಸಿ ಎರಡು ಒಳ್ಳೆಯ ಅಂಚು ಜೋಡಿಸಿ ಹೊಲಿದ ಹಾಗೆ. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸುತ್ತಾರೆ, ಏಕೆಂದರೆ ದೊಡ್ಡವರಲ್ಲಿ ಒಮ್ಮೊಮ್ಮೆ ಒಳಗೊಂದು ಗಂಟು ಇದ್ದು ಅದೇ ಕರುಳನ್ನು ಎಳೆದಿರುತ್ತದೆ.

ನಂಜು ಜಾಸ್ತಿ ಇದ್ದರೆ, ರೋಗಿ ಬಹಳ ಸೊರಗಿದ್ದರೆ ಹಾಕಿದ ಹೊಲಿಗೆ ಹಿಡಿಯದೇ ಹೋಗಬಹುದು. ಆಗ ಹೊಟ್ಟೆಯ ಮೇಲೆ ಕರುಳಿಗೆ ಒಂದು ಬಾಯಿ ಮಾಡಿ ಅಲ್ಲಿಗೆ ಚೀಲ ಅಂಟಿಸುತ್ತಾರೆ, ಮಲ ಕೆಲವು ಕಾಲ ಆ ದಾರಿಯಲ್ಲಿ ಬರುತ್ತದೆ. ಇದನ್ನು ಕೇಳಿ ಮನೆಯವರು ಬಹಳ ಅಳುತ್ತಾರೆ. ಎಷ್ಟೋ ಜನರಿಗೆ ಆ ಬಾಯಿಯನ್ನು ತಿಂಗಳುಗಳ ನಂತರ ಮತ್ತೆ ಮುಚ್ಚುತ್ತಾರೆ, ಎಲ್ಲರಿಗೂ ಮುಚ್ಚಲು ಆಗುವುದಿಲ್ಲ. ಡಾಕ್ಟರನ್ನು "ಇದು ಸ್ವಲ್ಪ ದಿನಕ್ಕೋ, ಪೂರ್ತಿಗೋ?" ಎಂದು ಧೈರ್ಯವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಕರುಳು ಒಳಗಿನ ತನಕ ಸತ್ತಿದ್ದರೆ, ತೂತು ಬಿದ್ದಿದ್ದರೆ ಹೊಟ್ಟೆ ತೆರೆಯದೆ ಬೇರೆ ದಾರಿ ಇರುವುದಿಲ್ಲ.

ಕೆಳಗಿನಿಂದ ಮಾಡುವ ಆಪರೇಷನ್ನಿನಲ್ಲಿ ಮುಂದೆ ಮತ್ತೆ ಜಾರುವ ಸಾಧ್ಯತೆ ಸ್ವಲ್ಪ ಹೆಚ್ಚು. ಆದರೆ ತುರ್ತಿನಲ್ಲಿ ಮೊದಲು ನೋಡುವುದು ಜೀವ. ಇದೇ ತಾಯಿ ನಾಲ್ಕು ವರ್ಷ ಮೊದಲು ಬಾಯಿ ಬಿಟ್ಟಿದ್ದರೆ, ಹೊಟ್ಟೆಯಲ್ಲಿ ಸಣ್ಣ ತೂತುಗಳ ಮೂಲಕ ಗುದನಾಳವನ್ನು ಮೇಲೆತ್ತಿ ಬೆನ್ನೆಲುಬಿನ ತುದಿಗೆ ಬಿಗಿಯುವ ಆಪರೇಷನ್ ಮಾಡಲು ಸಮಯ ಇರುತ್ತಿತ್ತು. ಅದರಲ್ಲಿ ಮತ್ತೆ ಜಾರುವುದು ಕಡಿಮೆ, ಕರುಳು ಕಳೆದುಕೊಳ್ಳುವ ಪ್ರಸಂಗವೂ ಹೆಚ್ಚಿನಂಶ ಬರುತ್ತಿರಲಿಲ್ಲ. ವರ್ಷಗಟ್ಟಲೆ ಹೊರಗೆ ಬಂದು ಬಂದು ಬಿಗಿ ಸ್ನಾಯು ಹಿಗ್ಗಿ ಹೋಗುತ್ತದೆ, ಆಪರೇಷನ್ ಆದ ಮೇಲೂ ಅದು ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಆ ತಾಯಿಗೆ ಈಗಲೂ ಗಾಳಿ, ನೀರು ನೀರಾದ ಮಲ ತಡೆಯಲು ಕಷ್ಟ. ಮದುವೆ, ಜಾತ್ರೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಮನೆ ಮುಂದೆ ಕೂತು ಹುಣಸೆಹಣ್ಣು ಬಿಡಿಸುತ್ತಾರೆ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಮೊದಲ ವಾರಗಳಲ್ಲಿ ಜ್ವರ, ಹೊಟ್ಟೆ ನೋವು, ಕೀವು ಕಂಡರೆ ತಿರುಗಿ ಹೋಗಬೇಕು. ಸೊಪ್ಪು, ಕಾಳು, ಜೋಳದ ರೊಟ್ಟಿ, ಸಾಕಷ್ಟು ನೀರು ಇರಲಿ. ಡಾಕ್ಟರು ಹೇಳುವ ತನಕ ಬಿಂದಿಗೆ, ಸೌದೆ ಹೊರೆ ಎತ್ತಬಾರದು. ಇದನ್ನು ಸೊಸೆಗಿಂತ ಮಗನಿಗೆ ಹೇಳುವುದು ಒಳ್ಳೆಯದು.

ದುಡ್ಡು, ಗಾಡಿ, ಸಂಘ

ನಮ್ಮ ಕೂಡ್ಲಿಗಿ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಆದರೂ ದೊಡ್ಡ ಆಪರೇಷನ್ ಎಂದರೆ ಈಗಲೂ ಎಷ್ಟೋ ಜನ ಬಳ್ಳಾರಿಯ ವಿಮ್ಸ್ ಕಡೆಗೇ ಹೋಗುತ್ತಾರೆ. ಅದಕ್ಕೆ ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದು ಹೆಸರು, ಜನರ ಬಾಯಲ್ಲಿ ಮಾತ್ರ ವಿಮ್ಸ್ ಆಗಿಯೇ ಉಳಿದಿದೆ. 2008ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ 108 ಗಾಡಿಗೆ ದುಡ್ಡಿಲ್ಲ. ಫೋನಿನಲ್ಲಿ "ಹೊಟ್ಟೆ ನೋವು" ಎನ್ನಬೇಡಿ. "ಕರುಳು ಹೊರಗೆ ಬಂದಿದೆ, ಒಳಗೆ ಹೋಗುತ್ತಿಲ್ಲ, ಕಪ್ಪಾಗುತ್ತಿದೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶ ಇದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಹೋಗಬೇಕು, ಆದರೆ ತುರ್ತು ಸ್ಥಿತಿಯಲ್ಲಿ ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಒಳಗೆ ಹೋದ ಕೂಡಲೇ ಆರೋಗ್ಯ ಮಿತ್ರ ಎಲ್ಲಿದ್ದಾರೆ ಎಂದು ಕೇಳಿ. ಇನ್ನೂ ತುರ್ತಾಗಿಲ್ಲ, ಸುಮ್ಮನೆ ತೋರಿಸಿ ಬರಬೇಕು ಎನ್ನುವವರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ. "ಬಸ್ ಚಾರ್ಜಿಗೆ ಇರಲಿಲ್ಲ" ಎಂಬ ಕಾರಣ ಹೋಯಿತು, ನಾಚಿಕೆಯ ಕಾರಣ ಒಂದು ಉಳಿದಿದೆ.

ಚಿಕಿತ್ಸೆಗೆ ದುಡ್ಡು ಬೇಡ ಎಂದರೂ ಜೊತೆಗೆ ಇರುವವರ ಊಟ, ಕಳೆದ ಕೂಲಿ, ಹೊರಗೆ ಬರೆದುಕೊಡುವ ಔಷಧಿಗೆ ಬೇಕೇ ಬೇಕು. ಆ ದಿನ ರಾತ್ರಿ ಸಂಘದ ಅಧ್ಯಕ್ಷೆ ಊರಲ್ಲಿರಲಿಲ್ಲ, ಬ್ಯಾಂಕ್ ಮುಚ್ಚಿತ್ತು. ಸಭೆಯಲ್ಲಿ ಅದೇ ತಾನೇ ಕಟ್ಟಿದ್ದ ಉಳಿತಾಯದ ಹಣ ಪೆಟ್ಟಿಗೆಯಲ್ಲಿ ಇದ್ದದ್ದು ಅದೃಷ್ಟ. ನಾಲ್ಕು ಜನ ಸದಸ್ಯೆಯರು ನಿಂತಲ್ಲೇ ಒಪ್ಪಿ ಕೊಟ್ಟರು, ಮುಂದಿನ ವಾರ ನಡಾವಳಿ ಬರೆದರು. ಈಗ ಆ ಸಂಘದವರು ಒಂದು ನಿಯಮ ಮಾಡಿಕೊಂಡಿದ್ದಾರೆ. ತುರ್ತಿಗೆಂದು ಎರಡು ಸಾವಿರ ರೂಪಾಯಿ ಖಜಾಂಚಿಯ ಹತ್ತಿರ ಸದಾ ಇರಬೇಕು, ಇಬ್ಬರ ಸಹಿ ಸಾಕು, ಬಡ್ಡಿ ಇಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಹೊರಡುವಾಗ ಚೀಲಕ್ಕೆ ಹಾಕಬೇಕಾದದ್ದನ್ನೂ ಬರೆದಿಟ್ಟಿದ್ದಾರೆ: ರೇಷನ್ ಕಾರ್ಡ್, ಆಧಾರ್, ತೆಗೆದುಕೊಳ್ಳುವ ಮಾತ್ರೆಗಳು, ಹಳೇ ಚೀಟಿಗಳು, ಎರಡು ಹಳೇ ಸೀರೆ, ಫೋನಿನ ಚಾರ್ಜರ್, ಮತ್ತು ಜೊತೆಗೆ ಹೋಗಲು ಒಬ್ಬ ಹೆಂಗಸು.